ಹೊಸ ವರ್ಷಕ್ಕೆ ಅದೃಷ್ಟದ ತಿನಿಸು: ದ್ರಾಕ್ಷಿ, ಕಾಳು, ನೂಡಲ್ಸ್, ನಾಣ್ಯದ ಕೇಕು – ನಿಮ್ಮ ಮನೆಗೆ ಯಾವುದು?

ಹೊಸ ವರ್ಷದ ರಾತ್ರಿಗೆ ಏನಾದರೂ ಅದೃಷ್ಟದ ತಿನಿಸು ಮಾಡೋಣ ಅಂದುಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಯಾವ ಯಾವುದೋ ದೇಶದ ಹತ್ತು ತಿನಿಸಿನ ಪಟ್ಟಿ ಹಿಡಿದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವುದು. ನಾನೂ ಒಂದು ವರ್ಷ ಹಾಗೆ ಮಾಡಿದೆ. ದ್ರಾಕ್ಷಿ, ಮಸೂರ, ದಾಳಿಂಬೆ, ಕೇಕು ಎಲ್ಲ ಮೇಜಿನ ಮೇಲೆ ಇತ್ತು. ಗಡಿಯಾರ ಹನ್ನೆರಡು ಹೊಡೆದಾಗ ನಾನು ಮಾತ್ರ ಒಲೆ ಮುಂದೆ ನಿಂತು ನೂಡಲ್ಸ್ ನೀರು ಬಸಿಯುತ್ತಿದ್ದೆ, ಹೊರಗಿನ ಕೋಣೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಶುಭಾಶಯ ಹೇಳುವ ಸದ್ದು ಕೇಳುತ್ತಿತ್ತು. ಆ ಗಳಿಗೆ ಕೈತಪ್ಪಿತು ಅನ್ನುವ ಬೇಜಾರು ಇನ್ನೂ ಇದೆ. ಅಂದಿನಿಂದ ಒಂದೇ ತಿನಿಸು, ಜಾಸ್ತಿ ಅಂದರೆ ಎರಡು.

ಹಾಗಾದರೆ ಆರಿಸುವುದು ಹೇಗೆ? ಯಾವುದಕ್ಕೆ ಎಷ್ಟು ಅದೃಷ್ಟ ಅಂತ ಅಳೆಯುವುದು ಬಿಡಿ. ಮೂರು ವಿಷಯ ನೋಡಿ ಸಾಕು. ಊಟಕ್ಕೆ ಯಾರು ಯಾರು ಕೂರುತ್ತಾರೆ. ಆ ತಿನಿಸು ತಿನ್ನುವ ಹೊತ್ತು ಯಾವುದು, ಮಧ್ಯರಾತ್ರಿಯಾ, ಅದಕ್ಕೂ ಮುಂಚೆಯಾ, ಮಾರನೇ ದಿನ ಮಧ್ಯಾಹ್ನವಾ. ಮತ್ತೆ ಅಡುಗೆ ಮಾಡುವವರಿಗೂ ಆ ಹೊತ್ತಿಗೆ ಬಂದು ಕೂರಲು ಆಗುತ್ತದೆಯಾ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ.

ಇನ್ನೊಂದು ಮಾತು ಗೊತ್ತಿದ್ದರೆ ಆರಿಸುವುದು ಸುಲಭ. ಈ ತಿನಿಸುಗಳಿಗೆ ಅದೃಷ್ಟ ಅಂಟಿಕೊಂಡಿದ್ದು ಮೂರು ದಾರಿಯಲ್ಲಿ. ಕೆಲವು ಆಕಾರದಿಂದ: ಮಸೂರ ನಾಣ್ಯದ ಹಾಗೆ ಕಾಣುತ್ತದೆ, ನೂಡಲ್ಸ್ ಉದ್ದ ಇದೆ, ಆದ್ದರಿಂದ ದುಡ್ಡು, ಆಯಸ್ಸು. ಕೆಲವು ಹೆಸರಿನಿಂದ: ಚೀನಿ ಭಾಷೆಯಲ್ಲಿ ಮೀನಿಗೆ 'ಯು' ಅನ್ನುತ್ತಾರೆ, 'ಮಿಕ್ಕಿದ್ದು, ಹೆಚ್ಚಾಗಿ ಉಳಿದಿದ್ದು' ಅನ್ನುವುದಕ್ಕೂ ಅದೇ ಉಚ್ಚಾರ. ಇನ್ನು ಕೆಲವು ಮಾಡುವ ಕೆಲಸದಿಂದ: ಎಲ್ಲರೂ ಒಟ್ಟಿಗೆ ಎಣಿಸುವುದು, ಹುಡುಕುವುದು, ಹಂಚುವುದು. ಹೆಸರಿನ ಅದೃಷ್ಟ ಆ ಭಾಷೆ ಆಡುವ ಮನೆಯಲ್ಲೇ ಚೆಂದ. ಆಕಾರದ್ದು ಎಲ್ಲಿಗೆ ಹೋದರೂ ಅರ್ಥವಾಗುತ್ತದೆ. ಆದರೆ ವರ್ಷ ಕಳೆದ ಮೇಲೂ ಮನೆಯವರು ನೆನಪಿಟ್ಟು "ಈ ಸಲವೂ ಮಾಡೋಣ" ಅನ್ನುವುದು ಮೂರನೇ ಜಾತಿಯನ್ನೇ.

ಹನ್ನೆರಡು ದ್ರಾಕ್ಷಿ

ಸ್ಪೇನ್‌ನವರ ಪದ್ಧತಿ ಇದು. ಡಿಸೆಂಬರ್ 31ರ ಮಧ್ಯರಾತ್ರಿ ಗಡಿಯಾರದ ಒಂದೊಂದು ಹೊಡೆತಕ್ಕೂ ಒಂದೊಂದು ದ್ರಾಕ್ಷಿ, ಹನ್ನೆರಡು ತಿಂಗಳಿಗೆ ಹನ್ನೆರಡು. ಇಡೀ ದೇಶ ನೋಡುವುದು ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರವನ್ನು. ಟಿವಿಯಲ್ಲಿ ಇದು 1962ರಿಂದ ಬರುತ್ತಿದೆ. 1909ರಲ್ಲಿ ಅಲಿಕಾಂತೆ ಕಡೆ ದ್ರಾಕ್ಷಿ ಬೆಳೆ ಮಿತಿಮೀರಿ ಬಂದು, ಅದನ್ನು ಮಾರಲು ರೈತರು ಹುಟ್ಟುಹಾಕಿದ ಪದ್ಧತಿ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಅದು ಅರ್ಧ ಸತ್ಯ. ಬೆಳೆಗಾರರು ಅದನ್ನು ಊರೂರಿಗೆ ಹಬ್ಬಿಸಿದ್ದು ನಿಜ, ಆದರೆ 1890ರ ದಶಕದ ಮ್ಯಾಡ್ರಿಡ್ ಪತ್ರಿಕೆಗಳಲ್ಲೇ ವರ್ಷದ ಕೊನೆಗೆ ದ್ರಾಕ್ಷಿ ತಿನ್ನುವ ಸುದ್ದಿ ಇದೆ.

ಇದರ ದೊಡ್ಡ ಗುಣ ಅಂದರೆ ಅಡುಗೆಯೇ ಇಲ್ಲ. ತೊಳೆದು, ಎಣಿಸಿ, ಒಬ್ಬೊಬ್ಬರಿಗೆ ಒಂದೊಂದು ಕಪ್ಪಿನಲ್ಲಿ ಹಾಕಿಟ್ಟರೆ ಮುಗಿಯಿತು. ಸಸ್ಯಾಹಾರಿ, ಮಾಂಸಾಹಾರಿ ಅನ್ನುವ ತಕರಾರಿಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಒಂದೇ ಕೆಲಸ ಮಾಡುತ್ತಾರೆ, ಅಡುಗೆ ಮಾಡುವವರೂ ಸೇರಿ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ ಇರುವುದು ಇದಕ್ಕೇ.

ಆದರೆ ಸುಲಭ ಅಂತ ಸುಮ್ನೆ ಅಂದುಕೊಳ್ಳಬೇಡಿ. ಹೊಡೆತದಿಂದ ಹೊಡೆತಕ್ಕೆ ಸುಮಾರು 3 ಸೆಕೆಂಡು ಮಾತ್ರ. ಒಟ್ಟು ಲೆಕ್ಕ ಹಾಕಿದರೆ 36 ಸೆಕೆಂಡಿನ ಆಸುಪಾಸು. ಮೊದಲ ನಾಲ್ಕು ಐದು ಆರಾಮಾಗಿ ಹೋಗುತ್ತವೆ. ಏಳನೆಯದರ ಹೊತ್ತಿಗೆ ಕೆನ್ನೆಯೊಳಗೆ ಎರಡು ಹಾಗೇ ಉಳಿದಿರುತ್ತವೆ, ಬೀಜ ಇದ್ದರೆ ಮುಗಿದೇ ಹೋಯಿತು, ಉಗುಳಲೂ ಹೊತ್ತಿಲ್ಲ, ಅಗಿಯಲೂ ಹೊತ್ತಿಲ್ಲ. ಆದ್ದರಿಂದ ಸಣ್ಣ ದ್ರಾಕ್ಷಿ, ಬೀಜ ಇಲ್ಲದ್ದು, ಸಿಪ್ಪೆ ತೆಳ್ಳಗಿರುವುದು. ಸ್ಪೇನ್‌ನಲ್ಲೇ ಸಿಪ್ಪೆ ಸುಲಿದು ಬೀಜ ತೆಗೆದ ಹನ್ನೆರಡು ದ್ರಾಕ್ಷಿಯ ಪುಟ್ಟ ಡಬ್ಬಿಗಳು ಸಿಗುತ್ತವೆ ಅಂದರೆ ಕಷ್ಟ ಅವರಿಗೂ ಗೊತ್ತು ಅಂತ ತಾನೇ. ಇನ್ನೊಂದು ಎಚ್ಚರ: ಪುಯೆರ್ತಾ ದೆಲ್ ಸೋಲ್‌ನ ನೇರ ಪ್ರಸಾರ ನೋಡಿಕೊಂಡು ತಿನ್ನುವುದಾದರೆ, ಹನ್ನೆರಡು ಹೊಡೆತಕ್ಕೂ ಮುಂಚೆ ನಾಲ್ಕು ಸಲ ಜೋಡಿ ಗಂಟೆ ಕೇಳುತ್ತದೆ. ಅದಕ್ಕೆ 'ಕ್ವಾರ್ತೋಸ್' ಅನ್ನುತ್ತಾರೆ, ಅಂದರೆ ಕಾಲು ಗಂಟೆಯ ಲೆಕ್ಕದ್ದು. ಅದು ಮುಗಿಯುವವರೆಗೆ ಕಾಯಬೇಕು. ಅಲ್ಲಿಯವರೇ ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬೇಡಿ. ಗುಂಡಗೆ, ನುಣ್ಣಗೆ ಇರುವ ಹಣ್ಣು ಮಗುವಿನ ಗಂಟಲನ್ನು ಬಿರಡೆಯ ಹಾಗೆ ಮುಚ್ಚಿಬಿಡುತ್ತದೆ. ಅಡ್ಡಡ್ಡ ಕತ್ತರಿಸಿದರೂ ಸಾಲದು, ಆ ತುಂಡು ಗುಂಡಗೇ ಇರುತ್ತದೆ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ. ಗಂಟೆಯ ವೇಗಕ್ಕೆ ತಿನ್ನಿಸಲೇಬೇಡಿ, ಅವರ ಪಾಡಿಗೆ ಅವರು ಮೆಲ್ಲಗೆ ತಿನ್ನಲಿ. ನುಂಗಲು ಕಷ್ಟಪಡುವ ಹಿರಿಯರಿಗೂ ಇದೇ ಮಾತು. ಒಟ್ಟಿನಲ್ಲಿ ಮನೆ ತುಂಬ ಚಿಕ್ಕ ಮಕ್ಕಳು ಮತ್ತು ತೀರ ವಯಸ್ಸಾದವರೇ ಇದ್ದರೆ ದ್ರಾಕ್ಷಿ ಬೇಡ, ಮುಂದಿನದಕ್ಕೆ ಹೋಗಿ.

ಕಾಳು: ಇಟಲಿಯ ಮಸೂರವಾ, ಅಮೆರಿಕದ ಅಲಸಂದೆಯಾ?

ಬಹುಪಾಲು ಮನೆಗೆ ನಾನು ಹೇಳುವುದು ಕಾಳು. ಹೊಟ್ಟೆ ತುಂಬುತ್ತದೆ, ಮುಂಚೆಯೇ ಮಾಡಿಡಬಹುದು, ಮಕ್ಕಳಿಂದ ಮುದುಕರವರೆಗೆ ಯಾರು ಬೇಕಾದರೂ ತಿನ್ನಬಹುದು, ಬಂದವರು ಇಬ್ಬರು ಜಾಸ್ತಿ ಆದರೂ ಒಂದು ಲೋಟ ನೀರಿನಲ್ಲಿ ಸರಿಹೋಗುತ್ತದೆ.

ಇಟಲಿಯಲ್ಲಿ ಮಧ್ಯರಾತ್ರಿ ಆದ ಮೇಲೆ ಮಸೂರ ತಿನ್ನುತ್ತಾರೆ. ಚಪ್ಪಟೆ, ದುಂಡಗಿನ ಕಾಳು, ನೋಡಲು ಪುಟ್ಟ ನಾಣ್ಯದ ಹಾಗೆ. ಬೆಂದರೆ ಉಬ್ಬುತ್ತದೆ, ಹಾಗೇ ದುಡ್ಡೂ ಬೆಳೆಯಲಿ ಅನ್ನುವ ಆಸೆ. ಜೊತೆಗೆ ಕೊತೆಕೀನೊ ಇರುತ್ತದೆ: ಹಂದಿಯ ಮಾಂಸ, ಕೊಬ್ಬು, ಚರ್ಮ ಸೇರಿಸಿ ಮಾಡಿದ ದಪ್ಪ ಸಾಸೇಜು, ಮೊದೇನಾ ಊರಿನದ್ದಕ್ಕೆ ಹೆಸರು ಜಾಸ್ತಿ. ಅದೇ ಮಾಂಸವನ್ನು ಹಂದಿಯ ಕಾಲಿನ ಚರ್ಮದೊಳಗೆ ತುಂಬಿದರೆ ದ್ಸಂಪೋನೆ. ಮಾಂಸ ತಿನ್ನುವವರಿಗೆ ಇದು ಪೂರ್ತಿ ಊಟ, ತಿನ್ನದವರಿಗೆ ಬರೀ ಮಸೂರವೇ ಸಾಕು, ಏಕೆಂದರೆ ಅದೃಷ್ಟ ಎಲ್ಲ ಕಾಳಿನಲ್ಲೇ ಇದೆ ಅಂತ ಅಲ್ಲಿಯವರೇ ಹೇಳುತ್ತಾರೆ.

ಇಟಲಿಯ ಒಳ್ಳೆಯ ಮಸೂರ ಅಂದರೆ ಅಂಬ್ರಿಯಾದ ಕಾಸ್ತೆಲ್ಲುಚ್ಚೊ ಹಳ್ಳಿಯದು. ಸುಮಾರು 1,450 ಮೀಟರ್ ಎತ್ತರದಲ್ಲಿರುವ ಹಳ್ಳಿ, ಕೆಳಗಿನ ಬಯಲಿನಲ್ಲಿ ಮಸೂರ ಬೆಳೆಯುತ್ತಾರೆ, ಕಾಳು ಬಹಳ ಸಣ್ಣದು, ಸಿಪ್ಪೆ ತೆಳು, ನೆನೆಹಾಕುವ ಕೆಲಸವೇ ಇಲ್ಲ. 2016ರ ಭೂಕಂಪದಲ್ಲಿ ಆ ಹಳ್ಳಿ ಬಹುಪಾಲು ಕುಸಿಯಿತು, ಮೇಲಕ್ಕೆ ಹೋಗುವ ರಸ್ತೆಯೂ ಹಾಳಾಯಿತು. ಮಾರನೇ ವರ್ಷದ ಬಿತ್ತನೆ ಹೊತ್ತಿಗೆ ರೈತರು ಟ್ರಾಕ್ಟರುಗಳ ಸಾಲು ಕಟ್ಟಿಕೊಂಡು ಮೇಲೆ ಹೋಗಿ ಬಿತ್ತಿ ಬಂದರು. ಹೊಸ ವರ್ಷದ ಕಾಳಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ ಹೇಳಿ.

ಆ ಮಸೂರವೇ ಸಿಗಬೇಕು ಅಂತಿಲ್ಲ. ಕಂದು ಬಣ್ಣದ, ಸಿಪ್ಪೆ ಇರುವ ಇಡೀ ಮಸೂರ ಯಾವುದಾದರೂ ಆದೀತು. ಸಿಪ್ಪೆ ತೆಗೆದ ಕೆಂಪು ಬೇಳೆ ಮಾತ್ರ ಬೇಡ, ಅದು ಬೆಂದು ಕರಗಿಹೋಗುತ್ತದೆ, ನಾಣ್ಯದ ಆಕಾರವೇ ಉಳಿಯದಿದ್ದರೆ ಏನು ಬಂತು. ನಾನು ಮಾಡುವುದು ಹೀಗೆ. ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ಕಾಳಿನಷ್ಟೇ ಸಣ್ಣಗೆ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸುತ್ತೇನೆ. ಅವಸರ ಮಾಡುವುದಿಲ್ಲ, ಹತ್ತು ನಿಮಿಷ ಆದರೂ ಆಗಲಿ, ಈರುಳ್ಳಿ ಕೆಂಪಾಗಬಾರದು, ಗಾಜಿನ ಹಾಗೆ ಆಗಬೇಕು. ಆಮೇಲೆ ತೊಳೆದ ಕಾಳು ಕಾಲು ಕೆಜಿ, ಒಂದು ಬೇ ಎಲೆ, ಎರಡು ಬೆಳ್ಳುಳ್ಳಿ ಎಸಳು, ಕಾಳು ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ನೀರು. ಕುಕ್ಕರ್ ಬೇಡ, ತೆರೆದ ಪಾತ್ರೆ. ಇಪ್ಪತ್ತೈದು ನಿಮಿಷ ಆದ ಮೇಲೆ ಒಂದು ಕಾಳನ್ನು ಬೆರಳ ಮಧ್ಯೆ ಒತ್ತಿ ನೋಡಿ. ಒಳಗೆ ಬೆಣ್ಣೆಯ ಹಾಗೆ ಮೆತ್ತಗಾಗಿ, ಸಿಪ್ಪೆ ಮಾತ್ರ ಬಿರುಕಿಲ್ಲದೆ ಉಳಿದಿದ್ದರೆ ಇಳಿಸಿ. ಗಟ್ಟಿ ಇದ್ದರೆ ಇನ್ನೈದು ನಿಮಿಷ. ಉಪ್ಪು ಹಾಕಿ, ಮೇಲೆ ಹಸಿ ಆಲಿವ್ ಎಣ್ಣೆ ಒಂದು ಚಮಚ. ಆರು ಜನಕ್ಕೆ ಸಣ್ಣ ಬಟ್ಟಲಿನಲ್ಲಿ ಕೊಡಲು ಇಷ್ಟು ಸಾಕು. ಸಂಜೆ ಏಳಕ್ಕೇ ಮಾಡಿಟ್ಟರೂ ಮಧ್ಯರಾತ್ರಿ ಬಿಸಿ ಮಾಡಿದಾಗ ರುಚಿ ಇನ್ನೂ ಚೆನ್ನಾಗಿಯೇ ಇರುತ್ತದೆ.

ಇನ್ನು ಅಲಸಂದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಅಲಸಂದೆ ತಿನ್ನದೆ ವರ್ಷ ಶುರುವಾಗುವುದಿಲ್ಲ. ಅಲಸಂದೆ, ಅಕ್ಕಿ, ಉಪ್ಪು ಹಚ್ಚಿ ಹೊಗೆಯಾಡಿಸಿದ ಹಂದಿ ಮಾಂಸ ಒಟ್ಟಿಗೆ ಬೇಯಿಸಿದರೆ 'ಹಾಪಿನ್ ಜಾನ್'. ಪಕ್ಕದಲ್ಲಿ ಕೊಲಾರ್ಡ್ ಸೊಪ್ಪು, ಎಲೆಕೋಸಿನ ಜಾತಿಯೇ ಆದರೆ ಗಡ್ಡೆ ಕಟ್ಟದೆ ಅಗಲವಾಗಿ ಬಿಚ್ಚಿಕೊಂಡಿರುವ ಎಲೆ. ಮತ್ತೆ ಜೋಳದ ಬ್ರೆಡ್ಡು, ಅಂದರೆ ಮೆಕ್ಕೆಜೋಳದ್ದು. ಕಾಳು ಚಿಲ್ಲರೆ, ಸೊಪ್ಪು ನೋಟು, ಬ್ರೆಡ್ಡು ಚಿನ್ನ. ಮಾರನೇ ದಿನ ಉಳಿದದ್ದನ್ನು ತಿಂದರೆ ಅದಕ್ಕೆ 'ಸ್ಕಿಪಿನ್ ಜೆನ್ನಿ' ಅಂತ ಬೇರೆ ಹೆಸರೇ ಇದೆ.

ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನಿಕರು ಎಲ್ಲ ದೋಚಿಕೊಂಡು ದನದ ಮೇವು ಅಂತ ಅಲಸಂದೆಯನ್ನು ಮಾತ್ರ ಬಿಟ್ಟು ಹೋದರು, ಜನ ಅದನ್ನು ತಿಂದು ಬದುಕಿದರು, ಹಾಗಾಗಿ ಅದು ಅದೃಷ್ಟ ಅಂತ ಒಂದು ಕಥೆ ಹೇಳುತ್ತಾರೆ. ನನಗೆ ಆ ಕಥೆಯ ಮೇಲೆ ನಂಬಿಕೆ ಇಲ್ಲ. ಈ ಕಾಳು ಪಶ್ಚಿಮ ಆಫ್ರಿಕಾದ್ದು. ಗುಲಾಮರಾಗಿ ಹಿಡಿದು ತಂದ ಜನರ ಜೊತೆ ಹಡಗಿನಲ್ಲಿ ಬಂತು, ಕ್ಯಾರೊಲೈನಾದ ಭತ್ತದ ಗದ್ದೆಗಳಲ್ಲಿ ದುಡಿದವರ ಒಲೆಯ ಮೇಲೆ ಅಕ್ಕಿಯ ಜೊತೆ ಸೇರಿತು. 1847ರಲ್ಲೇ ದಕ್ಷಿಣ ಕ್ಯಾರೊಲೈನಾದ ಒಂದು ಅಡುಗೆ ಪುಸ್ತಕದಲ್ಲಿ ಇದರ ವಿಧಾನ ಅಚ್ಚಾಗಿದೆ, ಯುದ್ಧ ಶುರುವಾಗಿದ್ದು 1861ರಲ್ಲಿ. ಇನ್ನೂ ಒಂದು ವಿಷಯ ನೋಡಿ. ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬಂದಿದ್ದು 1863ರ ಜನವರಿ 1ರಂದು. ಹಿಂದಿನ ರಾತ್ರಿ ಕಪ್ಪು ಜನರು ಚರ್ಚುಗಳಲ್ಲಿ ಕೂತು ಆ ಗಳಿಗೆಗಾಗಿ ಕಾದರು. ಆ ಜನರ ಮನೆಯಲ್ಲಿ ಜನವರಿ 1ರ ಅಲಸಂದೆಗೆ ಎಷ್ಟು ತೂಕ ಇದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ನೀವು ಮಾಡುವುದಾದರೆ ಬಡಿಸುವಾಗ ಈ ಮಾತನ್ನು ಮನೆಯವರಿಗೆ ಹೇಳಿ, ಬರೀ 'ಚಿಲ್ಲರೆ ಕಾಸು' ಅಂತ ಹೇಳಿ ಮುಗಿಸಬೇಡಿ.

ಎರಡರಲ್ಲಿ ಯಾವುದು? ಮಧ್ಯರಾತ್ರಿಗೆ ಸಣ್ಣ ಬಟ್ಟಲು ಬೇಕಾದರೆ ಮಸೂರ. ಮಾರನೇ ಮಧ್ಯಾಹ್ನ ನೆಂಟರಿಷ್ಟರು ಬಂದು ಹೊಟ್ಟೆ ತುಂಬ ಊಟ ಮಾಡುವುದಾದರೆ ಅಲಸಂದೆ. ಅಲಸಂದೆಯನ್ನು ರಾತ್ರಿಯೇ ನೆನೆಹಾಕಬೇಕು ಅನ್ನುವುದನ್ನು ಮರೆಯಬೇಡಿ, ಸಂಭ್ರಮದಲ್ಲಿ ಮರೆತುಹೋಗುವುದು ಇದೇ. ಮಾಂಸ ಬೇಡ ಅಂದರೆ ಹೊಗೆಯ ವಾಸನೆಗೆ ಹೊಗೆಯಾಡಿಸಿದ ಪಾಪ್ರಿಕಾ ಪುಡಿ ಒಂದು ಚಮಚ ಹಾಕಿ, ಈರುಳ್ಳಿಯನ್ನು ಸ್ವಲ್ಪ ಜಾಸ್ತಿಯೇ ಹುರಿಯಿರಿ. ಮಾಂಸ ಇಲ್ಲದ ಹಾಪಿನ್ ಜಾನ್ ಸಪ್ಪೆಯಾಗುವುದು ಇವೆರಡರಲ್ಲಿ ಜುಗ್ಗತನ ಮಾಡಿದಾಗ ಮಾತ್ರ.

ಯಹೂದಿಗಳ ಹೊಸ ವರ್ಷ ರೋಶ್ ಹಶನಾದಲ್ಲೂ, ಸೆಫಾರ್ಡಿ ಅಂದರೆ ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿಗಳ ಮನೆಗಳ ಮೇಜಿನ ಮೇಲೆ ಅಲಸಂದೆ ಇರುತ್ತದೆ. ಯಹೂದಿಗಳ ಧರ್ಮಗ್ರಂಥ ತಾಲ್ಮೂದಿನಲ್ಲಿ ಹೊಸ ವರ್ಷಕ್ಕೆ ತಿನ್ನಬೇಕಾದ ಐದು ಪದಾರ್ಥಗಳ ಹೆಸರು ಇದೆ, ಅದರಲ್ಲಿ ಒಂದನ್ನು ಅವರು ಅಲಸಂದೆ ಅಂತ ಅರ್ಥ ಮಾಡಿಕೊಂಡಿದ್ದಾರೆ. ಆ ಪದ 'ಹೆಚ್ಚಾಗು' ಅನ್ನುವ ಪದಕ್ಕೆ ಹತ್ತಿರ. ಎರಡು ಬೇರೆ ಬೇರೆ ಜನ, ಒಂದೇ ಕಾಳು.

ಉದ್ದ ನೂಡಲ್ಸ್: ಗದ್ದಲ ಬೇಡದವರಿಗೆ

ಜಪಾನಿನವರು ಡಿಸೆಂಬರ್ 31ರ ರಾತ್ರಿ ತೊಷಿಕೊಷಿ ಸೋಬಾ ತಿನ್ನುತ್ತಾರೆ. ವರ್ಷ ದಾಟಿಸುವ ಸೋಬಾ ಅಂತ ಅರ್ಥ, ಎದೊ ಕಾಲದಿಂದ (1603–1868) ಬಂದ ರೂಢಿ. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ತೆಳ್ಳಗಿನ ನೂಡಲ್ಸ್, ಬಿಸಿ ಸಾರಿನಲ್ಲಿ. ಉದ್ದ ಇರುವುದರಿಂದ ಆಯಸ್ಸು. ಆದರೆ ನನಗೆ ಇಷ್ಟವಾದ ಅರ್ಥ ಬೇರೆ: ಸೋಬಾ ಬೇರೆ ನೂಡಲ್ಸಿಗಿಂತ ಬೇಗ ತುಂಡಾಗುತ್ತದೆ, ಹಾಗೆಯೇ ಹೋದ ವರ್ಷದ ಕಷ್ಟದ ನಂಟೂ ಕಡಿದುಹೋಗಲಿ ಅಂತ. ಉಳಿದ ತಿನಿಸುಗಳೆಲ್ಲ ಬರುವ ವರ್ಷದ ಕಡೆ ಕೈಚಾಚಿದರೆ ಇದೊಂದು ಹೋದ ವರ್ಷವನ್ನು ಕಳಿಸಿಕೊಡುತ್ತದೆ.

ಆದ್ದರಿಂದ ಕಷ್ಟದ ವರ್ಷ ಕಳೆದವರಿಗೆ, ಒಬ್ಬರೇ ಇರುವವರಿಗೆ, ಇಬ್ಬರೇ ಕೂತು ಬೇಗ ಮಲಗುವವರಿಗೆ ನಾನು ಹೇಳುವುದು ಸೋಬಾ. ಮನೆಯಲ್ಲಿ ಸಾವು ಆದ ವರ್ಷ ನಮಗೆ ದ್ರಾಕ್ಷಿ ಎಣಿಸುವ ಮನಸ್ಸಿರಲಿಲ್ಲ. ಇಬ್ಬರೇ ಕೂತು ಒಂದೊಂದು ಬಟ್ಟಲು ಬಿಸಿ ಸೋಬಾ ಕುಡಿದೆವು, ಹತ್ತೂವರೆಗೆ ದೀಪ ಆರಿಸಿದೆವು. ಆ ರಾತ್ರಿಗೆ ಅದು ಸರಿಯಾಗಿತ್ತು.

ಮಾಡುವುದು ಕಷ್ಟ ಇಲ್ಲ. ನಾಲ್ಕೈದು ನಿಮಿಷ ಕುದಿಸಿ, ತಣ್ಣೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಅಂಟು ತೆಗೆದು, ಬಿಸಿ ಸಾರು ಹಾಕಿದರೆ ಆಯಿತು. ಸಾರಿಗೆ ರೂಢಿಯಲ್ಲಿ ಒಣಗಿಸಿದ ಬೊನಿಟೊ ಮೀನು ಹಾಕುತ್ತಾರೆ, ಸಸ್ಯಾಹಾರಿಗಳು ಕೊಂಬು ಅನ್ನುವ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯಲ್ಲೇ ಮಾಡಬಹುದು, ಸೋಯಾ ಸಾಸ್ ಎರಡಕ್ಕೂ ಬೇಕು. ಮಧ್ಯರಾತ್ರಿಗೆ ಮುಂಚೆ ತಿಂದು ಮುಗಿಸಬೇಕು, ಹೊಸ ವರ್ಷಕ್ಕೆ ಎಳೆದುಕೊಂಡು ಹೋಗಬಾರದು. ಯಾರಿಗಾದರೂ ಬಕ್‌ವೀಟ್ ಅಲರ್ಜಿ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ, ಅದು ಸಣ್ಣ ಅಲರ್ಜಿ ಅಲ್ಲ. ಬಕ್‌ವೀಟ್ ಗೋಧಿ ಅಲ್ಲದಿದ್ದರೂ ಪ್ಯಾಕೆಟ್ಟಿನ ಸೋಬಾದಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಗ್ಲುಟೆನ್ ಆಗದವರು ಅದನ್ನೂ ನೋಡಬೇಕು.

ಜಪಾನಿನದೇ ಒಸೆಚಿ ಬಗ್ಗೆ ಕೇಳುವವರಿದ್ದಾರೆ. ಒಂದರ ಮೇಲೊಂದು ಜೋಡಿಸಿದ ಅರಗಿನ ಹೊಳಪಿನ ಡಬ್ಬಿಗಳಲ್ಲಿ ಹತ್ತಾರು ಪದಾರ್ಥ, ಒಂದೊಂದಕ್ಕೂ ಒಂದೊಂದು ಅರ್ಥ: ಬಗ್ಗಿದ ಬೆನ್ನಿನ ಸಿಗಡಿ ಮುಪ್ಪಿನವರೆಗೆ ಬದುಕಲು, ತೂತಿರುವ ತಾವರೆ ಬೇರು ಮುಂದಿನದನ್ನು ಕಾಣಲು. ಬಹಳ ಸುಂದರ. ಆದರೆ ದಿನಗಟ್ಟಲೆ ಕೆಲಸ. ಮೊದಲ ಸಲಕ್ಕೆ ಬೇಡ. ಮತ್ತೆ ಅಂಟಕ್ಕಿಯ ಮೋಚಿ: ಅಗಿಯದೆ ನುಂಗಿದರೆ ಗಂಟಲಿಗೆ ಅಂಟಿಕೊಳ್ಳುತ್ತದೆ, ಹೊಸ ವರ್ಷದ ಹೊತ್ತಿಗೆ ಟೋಕಿಯೊದ ಅಗ್ನಿಶಾಮಕ ಇಲಾಖೆ ಪ್ರತಿ ವರ್ಷ ಹಿರಿಯರಿಗೆ ಎಚ್ಚರಿಕೆ ಕೊಡುತ್ತದೆ. ಹಿರಿಯರಿರುವ ಮನೆಯಲ್ಲಿ ನಾನಂತೂ ಇಡುವುದಿಲ್ಲ.

ನಾಣ್ಯ ಬಚ್ಚಿಟ್ಟ ಕೇಕು

ಗ್ರೀಸ್‌ನ ವಸಿಲೋಪಿಟಾ. ಜನವರಿ 1 ಅಲ್ಲಿ ಸಂತ ಬೆಸಿಲನ ದಿನ, ಕೇಕಿನ ಹೆಸರೂ ಅವನದೇ. ಒಳಗೆ ಒಂದು ನಾಣ್ಯ. ಮನೆಯ ಹಿರಿಯರು ಚಾಕುವಿನಿಂದ ಮೇಲೆ ಶಿಲುಬೆಯ ಗುರುತು ಹಾಕಿ ಕತ್ತರಿಸುತ್ತಾರೆ. ಮೊದಲ ತುಂಡು ಕ್ರಿಸ್ತನಿಗೆ, ಆಮೇಲೆ ಮಾತೆ ಮೇರಿಗೆ, ಮನೆಗೆ, ಅದಾದ ಮೇಲೆ ದೊಡ್ಡವರಿಂದ ಚಿಕ್ಕವರವರೆಗೆ. ಊರಲ್ಲಿಲ್ಲದ ಮಗನಿಗೂ ಒಂದು ತುಂಡು ಕತ್ತರಿಸುವ ಮನೆಗಳಿವೆ. ನಾಣ್ಯ ಯಾರ ಪಾಲಿಗೆ ಬಂತೋ ಆ ವರ್ಷದ ಅದೃಷ್ಟ ಅವರದ್ದು.

ಎಂಟರಿಂದ ಹದಿನೈದು ಜನ, ಅದರಲ್ಲಿ ಸ್ವಲ್ಪ ದೊಡ್ಡ ಮಕ್ಕಳು ಇದ್ದರೆ ಇದಕ್ಕೆ ಸಾಟಿ ಯಾವುದೂ ಇಲ್ಲ. ಕತ್ತರಿಸುವಾಗ ಇಡೀ ಕೋಣೆ ಸುಮ್ಮನಾಗುತ್ತದೆ. ಚಾಕು ಲೋಹಕ್ಕೆ ತಾಗಿ 'ಟಿಕ್' ಅಂದ ಕೂಡಲೇ ಎಲ್ಲರ ಕತ್ತೂ ಆ ಕಡೆ ಚಾಚುತ್ತದೆ, ಎರಡು ತುಂಡಿನ ನಡುವೆ ಸಿಕ್ಕಿಕೊಂಡರೆ ಯಾವ ಕಡೆಗೆ ಜಾಸ್ತಿ ಇದೆ ಅಂತ ಪಂಚಾಯಿತಿ ಶುರು.

ನಾಣ್ಯವನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಫಾಯಿಲ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ. ಇರುವುದರಲ್ಲಿ ದೊಡ್ಡದನ್ನೇ ಹಾಕಿ, ಸಣ್ಣದು ಕಾಣದೆ ಹೊಟ್ಟೆಗೆ ಹೋದೀತು. ಹಿಟ್ಟಿನಲ್ಲಿ ಹಾಕಿದರೆ ತಳಕ್ಕೆ ಇಳಿಯುತ್ತದೆ, ಬೆಂದ ಮೇಲೆ ಕೆಳಗಿನಿಂದ ಸೀಳಿ ತೂರಿಸುವುದು ಸುಲಭ. ಕೇಕಿನೊಳಗೆ ಏನೋ ಇದೆ ಅಂತ ಎಲ್ಲರಿಗೂ ಮುಂಚೆಯೇ ಹೇಳಬೇಕು. ತೀರ ಚಿಕ್ಕ ಮಕ್ಕಳಿಗೆ ಕೊಡುವ ತುಂಡನ್ನು ನೀವೇ ಪುಡಿ ಮಾಡಿ ನೋಡಿ ಕೊಡಿ. ಇನ್ನು ಇದರಲ್ಲಿ ಒಬ್ಬರೇ ಗೆಲ್ಲುವುದು, ಅದನ್ನು ಸಹಿಸದ ಮಕ್ಕಳಿದ್ದರೆ ರಾತ್ರಿ ಅಳುವಿನಲ್ಲಿ ಮುಗಿಯುತ್ತದೆ. ಅಂಥ ಮನೆಗೆ ದ್ರಾಕ್ಷಿಯೇ ಮೇಲು, ಅಲ್ಲಿ ಎಲ್ಲರಿಗೂ ಹನ್ನೆರಡು.

ಹೊಸ ವರ್ಷ ಬೇರೆ ದಿನಕ್ಕೆ ಬಂದರೆ

ಚೀನಾದ ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುತ್ತದೆ. ಉತ್ತರದ ಕಡೆ ಜಿಯಾವ್‌ಜ್ ಅನ್ನುವ ಕಡುಬು, ಹಳೇ ಕಾಲದ ಚಿನ್ನದ ಗಟ್ಟಿಯ ಆಕಾರದಲ್ಲಿ. ಇದರ ಬಗ್ಗೆ ನನಗೆ ಹೇಳಬೇಕಾಗಿದ್ದು ಒಂದೇ: ಇದನ್ನು ಒಬ್ಬರೇ ಮಾಡಬೇಡಿ. ಒಬ್ಬರು ಲಟ್ಟಿಸಬೇಕು, ಒಬ್ಬರು ಹೂರಣ ಇಡಬೇಕು, ಇಬ್ಬರು ಅಂಚು ಮಡಿಸಬೇಕು, ಮಾತು ಆಡುತ್ತಾ ಆಡುತ್ತಾ ನೂರು ಆಗಿಬಿಡುತ್ತದೆ. ಮಾಂಸವೇ ಬೇಕು ಅಂತಿಲ್ಲ. ಹೊಸ ವರ್ಷದ ಮೊದಲ ಕಡುಬು ಸಸ್ಯಾಹಾರಿಯೇ ಇರಬೇಕು, ವರ್ಷ ತಂಟೆ ಇಲ್ಲದೆ ಹೋಗಲಿ ಅನ್ನುವ ಮನೆಗಳು ಅಲ್ಲೇ ಇವೆ. ಇಡೀ ಮೀನು ಬೇಯಿಸಿಟ್ಟರೆ ಪೂರ್ತಿ ಮುಗಿಸಬಾರದು, ಮಾರನೇ ದಿನಕ್ಕೆ ಸ್ವಲ್ಪ ಉಳಿಸಬೇಕು. ಹೆಸರೇ 'ಮಿಕ್ಕಿದ್ದು' ಅಂತ ಅಲ್ವಾ.

ಅದೇ ಹೊತ್ತಿಗೆ ಕೊರಿಯಾದಲ್ಲಿ ಸೊಲ್ಲಾಲ್. ತ್ತೊಕ್ಕುಕ್ ಅಂದರೆ ಅಕ್ಕಿ ಹಿಟ್ಟಿನ ಬಿಳಿ ಕೇಕನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಹಾಕಿದ ತಿಳಿ ಸಾರು. ಒಂದು ಬಟ್ಟಲು ಕುಡಿದರೆ ಒಂದು ವರ್ಷ ದೊಡ್ಡವರಾದಂತೆ. 'ನೀನು ಎಷ್ಟು ಬಟ್ಟಲು ತಿಂದಿದ್ದೀ' ಅಂತ ವಯಸ್ಸು ಕೇಳುವ ರೂಢಿಯೂ ಇದೆ. ಚಳಿಯ ಬೆಳಗಿಗೆ ಇದು ಬಹಳ ಹಿತ, ಆದರೆ ಬಿಲ್ಲೆಯನ್ನು ತೆಳ್ಳಗೆ ಕತ್ತರಿಸಿ, ಅದೂ ಅಂಟುವ ಜಾತಿಯೇ.

ರೋಶ್ ಹಶನಾ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುವುದು. ಎರಡು ನಿಮಿಷದ ಕೆಲಸ, ಮಗುವಿಗೂ ಅರ್ಥ ಆಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು.

ಬೇಗ ಬೇಗ ಉಳಿದವು

ದಾಳಿಂಬೆ: ಗ್ರೀಸ್‌ನಲ್ಲಿ ಹೊಸ ವರ್ಷಕ್ಕೆ ಬಾಗಿಲ ಮುಂದೆ ಒಡೆಯುತ್ತಾರೆ, ಬೀಜ ಎಷ್ಟು ದೂರ ಚೆಲ್ಲಿದರೆ ಅಷ್ಟು ಸಮೃದ್ಧಿ. ನೆಲ, ಗೋಡೆ ಎಲ್ಲ ಕಲೆಯಾಗುತ್ತದೆ. ಬಿಡಿಸಿ ಬಟ್ಟಲಿನಲ್ಲಿ ಇಟ್ಟರೂ ಚೆಂದವೇ. ಜರ್ಮನಿ, ಆಸ್ಟ್ರಿಯಾದ ಮಾರ್ಜಿಪಾನ್ ಹಂದಿ ಬರೀ ಬಾದಾಮಿ ಮತ್ತು ಸಕ್ಕರೆ, ಅಂಗೈಯಷ್ಟು ಬೊಂಬೆ. ತಿನ್ನುವುದಕ್ಕಿಂತ ಇನ್ನೊಬ್ಬರ ಮನೆಗೆ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಲು ಒಳ್ಳೆಯದು. ನೆದರ್‌ಲ್ಯಾಂಡ್ಸಿನ ಒಲಿಬೊಲೆನ್, ಒಣದ್ರಾಕ್ಷಿ ಹಾಕಿ ಯೀಸ್ಟ್ ಹಿಟ್ಟನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಪುಡಿ ಉದುರಿಸಿದ ಉಂಡೆ, ರುಚಿ ಅಂದರೆ ರುಚಿ, ಆದರೆ ಬಿಸಿಯಿದ್ದಾಗಲೇ ತಿನ್ನಬೇಕು, ಅಂದರೆ ಕರಿಯುವವರು ಒಲೆ ಬಿಟ್ಟು ಬರುವ ಹಾಗಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ಅದು ಕೆಳಗೆ.

ತಿನ್ನಬಾರದ್ದೂ ಇದೆ. ಕೋಳಿ ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಕೆದರುತ್ತದೆ, ಲಾಬ್‌ಸ್ಟರ್ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಆ ದಿನ ಬೇಡ ಅನ್ನುವ ನಂಬಿಕೆ ಹಲವು ಕಡೆ ಇದೆ. ಹಂದಿ ಮೂತಿಯನ್ನು ಮುಂದಕ್ಕೆ ನೂಕುತ್ತದೆ, ಹಾಗಾಗಿ ಅದು ಸರಿ. ನಂಬಲೇಬೇಕಾಗಿಲ್ಲ, ಆದರೆ ಮನೆಗೆ ಬರುವ ಹಿರಿಯರು ನಂಬುವವರಾದರೆ ಒಂದು ಹೊತ್ತು ಕೋಳಿ ಬಿಟ್ಟರೆ ನಷ್ಟವೇನೂ ಇಲ್ಲ.

ನಾನು ಈಗ ಮಾಡುವುದು

ಹಲವು ವರ್ಷ ಅದಲುಬದಲು ಮಾಡಿ ಈಗ ನಿಂತಿರುವುದು ಮಸೂರ ಮತ್ತು ದ್ರಾಕ್ಷಿಯ ಜೋಡಿಗೆ. ಏಳು ಗಂಟೆಗೆ ಮಸೂರ ಒಲೆ ಮೇಲೆ, ಎಂಟಕ್ಕೆ ಮುಚ್ಚಳ ಮುಚ್ಚಿ ಪಕ್ಕಕ್ಕೆ. ಒಂಬತ್ತಕ್ಕೆ ದ್ರಾಕ್ಷಿ ತೊಳೆದು ಬಟ್ಟೆಯ ಮೇಲೆ ಹರಡುವುದು, ಒದ್ದೆ ಇದ್ದರೆ ಕೈಯಿಂದ ಜಾರುತ್ತದೆ. ಹತ್ತರ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಕಪ್ಪಿಗೆ ಹನ್ನೆರಡರಂತೆ ಎಣಿಸುವುದು, ಚಿಕ್ಕವರ ಕಪ್ಪಿಗೆ ನಾನೇ ಸೀಳಿ ಹಾಕುತ್ತೇನೆ. ಹನ್ನೊಂದೂ ಮುಕ್ಕಾಲಿಗೆ ಒಲೆ ಆರಿಸಿ ಏಪ್ರನ್ ಬಿಚ್ಚಿ ಹೊರಗೆ ಬಂದು ಕೂರುತ್ತೇನೆ. ದ್ರಾಕ್ಷಿ ಮುಗಿದ ಮೇಲೆ ಬಿಸಿ ಮಸೂರ, ಒಬ್ಬೊಬ್ಬರಿಗೆ ನಾಲ್ಕು ಚಮಚ.

ಕಪ್ಪು ಇಡುವಾಗ ಯಾವಾಗಲೂ ಒಂದು ಜಾಸ್ತಿ ಇಡುತ್ತೇವೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಆ ರಾತ್ರಿ ಹೆಚ್ಚಾಗಿ ಡ್ಯೂಟಿ ಇರುತ್ತದೆ. ಅವರ ಹನ್ನೆರಡು ದ್ರಾಕ್ಷಿ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿ ಇರುತ್ತದೆ. ಬೆಳಗ್ಗೆ ಏಳಕ್ಕೆ ಬಂದು, ಶೂ ಬಿಚ್ಚಿ, ಕೈ ತೊಳೆದು ಅಡುಗೆಮನೆಯಲ್ಲೇ ನಿಂತು ತಿನ್ನುತ್ತಾರೆ. ಹೊಡೆತ ಎಣಿಸಲು ಗಡಿಯಾರ ಇಲ್ಲ, ಆದ್ದರಿಂದ ಎದ್ದಿರುವ ಮಕ್ಕಳು ತಟ್ಟೆಯ ಮೇಲೆ ಚಮಚ ಬಡಿದು ಹನ್ನೆರಡು ಎಣಿಸುತ್ತಾರೆ.